ಶಿಷ್ಯನಿಗೊಂದು ನ್ಯಾಯ, ಗೈಡ್‌ಗೊಂದು ನ್ಯಾಯ?

ಕೀಳ್ ಕೋತಗಿರಿ: ಟೀ ಎಲೆ ಮಾರಿದ ದುಡ್ಡಿನಲ್ಲಿ ಮಕ್ಕಳನ್ನು ಊಟಿಯ ಸರ್ಕಾರಿ ಕಲಾ ಕಾಲೇಜಿಗೋ, ಕೊಯಮತ್ತೂರಿನ ಭಾರತಿಯಾರ್ ವಿವಿಗೋ, ಅತ್ತ ಮೈಸೂರಿಗೋ ಕಳಿಸುವ ಮನೆಗಳು ನಮ್ಮ ಕಡೆ ಇವೆ. ಅಲ್ಲಿ ಪಿಎಚ್‌ಡಿ ಮಾಡುವ ಮಕ್ಕಳ ಮುಂದೆ ಈಗ ಹೊಸದೊಂದು ಪ್ರಶ್ನೆ ಬಂದು ನಿಂತಿದೆ. ಅವರ ಪ್ರಬಂಧವನ್ನು ಓದಿ ತಿದ್ದುತ್ತಿರುವುದು ಗೈಡೋ, ಕಂಪ್ಯೂಟರೋ?

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು. ಅಂದಿನಿಂದ ಬೈಗುಳವೆಲ್ಲ ವಿದ್ಯಾರ್ಥಿಗಳಿಗೇ. ಆದರೆ ಶಿಷ್ಯ ಕೊಟ್ಟ ಅಧ್ಯಾಯವನ್ನು ಗೈಡ್ ಕೂಡ ಅದೇ ಯಂತ್ರಕ್ಕೆ ಹಾಕಿ, ಅದು ಬರೆದ ಟಿಪ್ಪಣಿಯನ್ನು ತಮ್ಮದೆಂದು ಕಳಿಸಬಹುದಲ್ಲ! ಯುಜಿಸಿಯ 2022ರ ನಿಯಮದಂತೆ ಒಬ್ಬ ಪ್ರೊಫೆಸರ್ 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಬಹುದು. ಜೊತೆಗೆ ಪಾಠ, ಪರೀಕ್ಷೆ, ಪೇಪರ್ ತಿದ್ದುವ ಕೆಲಸ. ಯಂತ್ರದ ಕಡೆ ಕೈ ಹೋಗುವುದು ಸಹಜ.

ನಿಯಮ ಏನನ್ನುತ್ತದೆ?

ಕೃತಿಚೌರ್ಯ ತಡೆಯಲು ಯುಜಿಸಿ 2018ರಲ್ಲೇ ನಿಯಮ ತಂದಿದೆ. ಹೋಲಿಕೆ ಶೇ. 10ರವರೆಗಿದ್ದರೆ ಶಿಕ್ಷೆಯಿಲ್ಲ. ಶೇ. 40ರವರೆಗೆ ಹೋದರೆ 6 ತಿಂಗಳೊಳಗೆ ತಿದ್ದಿ ಕೊಡಬೇಕು. ಶೇ. 60ರವರೆಗಾದರೆ ಒಂದು ವರ್ಷ ಪ್ರಬಂಧ ಸಲ್ಲಿಸುವಂತಿಲ್ಲ. ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಪ್ರಬಂಧದಲ್ಲಿ ಕೃತಿಚೌರ್ಯವಿಲ್ಲ ಎಂದು ಗೈಡ್ ಸರ್ಟಿಫಿಕೇಟ್ ಕೊಡಬೇಕೆಂದೂ ಅದೇ ನಿಯಮ ಹೇಳುತ್ತದೆ. ಆದರೆ ಇದು ಚಾಟ್‌ಜಿಪಿಟಿಗೆ ನಾಲ್ಕು ವರ್ಷ ಮೊದಲಿನದು. ಗೈಡ್ ತಾವೇ ಓದಿದರೋ, ಯಂತ್ರದ ಕೈಲಿ ಓದಿಸಿದರೋ ಎಂದು ಅದು ಕೇಳುವುದಿಲ್ಲ.

'ಇದು ಯಂತ್ರ ಬರೆದದ್ದು' ಎಂದು ಹೇಳುವ ಸಾಫ್ಟ್‌ವೇರ್‌ಗಳನ್ನು ನಂಬಿದರೆ ಇನ್ನೂ ಅಪಾಯ. ಇಂಗ್ಲಿಷ್ ಮನೆಮಾತಲ್ಲದವರು ಬರೆದ 91 ಟೋಫೆಲ್ ಪ್ರಬಂಧಗಳನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧಕರು 2023ರಲ್ಲಿ ಇಂಥ ಏಳು ಸಾಫ್ಟ್‌ವೇರ್‌ಗಳಿಗೆ ಹಾಕಿ ನೋಡಿದರು. ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳು ಯಂತ್ರದ ಬರಹ ಎಂದು ಬಂತು! ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ಅದೇ ವರ್ಷ ಜುಲೈನಲ್ಲಿ, ನಿಖರತೆ ಸಾಲದು ಎಂದು ತನ್ನ ಪತ್ತೆ ಸಾಧನವನ್ನು ಹಿಂತೆಗೆದುಕೊಂಡಿತು. ಮನೆಯಲ್ಲಿ ಬಡಗ, ಶಾಲೆಯಲ್ಲಿ ತಮಿಳು, ಪ್ರಬಂಧದಲ್ಲಿ ಇಂಗ್ಲಿಷ್ ಎನ್ನುವ ನಮ್ಮ ಮಕ್ಕಳ ಗತಿಯೇನು?

2024ರಲ್ಲಿ ಹರಿಯಾಣದ ಜಿಂದಾಲ್ ವಿವಿಯ ಕಾನೂನು ವಿದ್ಯಾರ್ಥಿಯೊಬ್ಬರು ಇಂಥದೇ ಆರೋಪದ ಮೇಲೆ ಫೇಲಾಗಿ ಹೈಕೋರ್ಟ್ ಮೆಟ್ಟಿಲೇರಿದರು. ಬಳಿಕ ವಿವಿ ಅವರನ್ನು ಪಾಸು ಮಾಡಿತು, ಕೇಸು ಮುಗಿಯಿತು. ಅವರು ವಕೀಲಿಕೆ ಓದಿದವರು, ಕೋರ್ಟಿಗೆ ಹೋದರು. ಟೀ ತೋಟದ ಮನೆಯ ಹುಡುಗಿ ಹೋಗಬಲ್ಲಳೇ?

ಹಿರಿಯರ ಮಾತು ಯಾರ ಪಾಲಿಗೆ?

ನೀಲಗಿರಿಯಲ್ಲಿ ಸಂಶೋಧನೆ ಎಂದರೆ ಬಹಳ ಸಲ ಕೋತರ, ಇರುಳರ, ಕುರುಂಬರ, ಬಡಗರ ಹಟ್ಟಿಗೆ ಹೋಗಿ ಹಿರಿಯರನ್ನು ಕೇಳಿ ಬರೆದುಕೊಳ್ಳುವುದು. ಮದ್ದಿನ ಗಿಡದ ಗುಟ್ಟನ್ನು, ಸಾವಿನ ಮನೆಯ ಹಾಡನ್ನು ಅಜ್ಜಿ ಹೇಳಿದ್ದು ಎದುರು ಕೂತ ವಿದ್ಯಾರ್ಥಿಯನ್ನು ನಂಬಿ. ಆ ಬರಹ ಗೈಡ್ ಕೈಯಿಂದ ಪುಕ್ಕಟೆ ಚಾಟ್‌ಬಾಟ್‌ಗೆ ಹೋದರೆ, ಅದು ಯಾವುದೋ ಕಂಪನಿಯ ಸರ್ವರ್ ಸೇರುತ್ತದೆ. ಅಜ್ಜಿಯನ್ನು ಕೇಳಿದವರು ಯಾರು?

ಹಾಗೆಂದು ಯಂತ್ರವೇ ಬೇಡ ಎನ್ನಬೇಕಿಲ್ಲ. ಇಂಗ್ಲಿಷ್ ವ್ಯಾಕರಣ ತಿದ್ದಲು, ಗ್ರಂಥಸೂಚಿ ಜೋಡಿಸಲು ಅದು ನೆರವಾಗಲಿ. ಆದರೆ ಬಳಸಿದ್ದನ್ನು ಶಿಷ್ಯನೂ ಹೇಳಲಿ, ಗೈಡೂ ಹೇಳಲಿ. ಶಿಷ್ಯನ ಒಪ್ಪಿಗೆಯಿಲ್ಲದೆ ಅವನ ಬರಹವನ್ನು ಯಂತ್ರಕ್ಕೆ ಹಾಕುವುದು ಬೇಡ. ಅನುಮಾನ ಬಂದರೆ ಸಾಫ್ಟ್‌ವೇರ್ ಕೊಟ್ಟ ಶೇಕಡಾವನ್ನೇ ಸಾಕ್ಷಿ ಮಾಡದೆ, ಎದುರು ಕೂರಿಸಿಕೊಂಡು ಕೇಳಲಿ. ಯಾವ ಹಟ್ಟಿಗೆ ಹೋದೆ, ಹೇಗೆ ಬರೆದುಕೊಂಡೆ ಎಂದು ಕೇಳಿದರೆ ಸತ್ಯ ತಾನಾಗಿ ಹೊರಬರುತ್ತದೆ.

ಇದಕ್ಕೆ ಹೊಸ ಕಾನೂನು ಬರುವವರೆಗೆ ಕಾಯಬೇಕಿಲ್ಲ. ಪ್ರತಿ ಸೆಮಿಸ್ಟರ್ ವಿದ್ಯಾರ್ಥಿ ಸಂಶೋಧನಾ ಸಲಹಾ ಸಮಿತಿಯ ಮುಂದೆ ಹಾಜರಾಗಬೇಕೆಂದು 2022ರ ನಿಯಮದಲ್ಲೇ ಇದೆ. ಇಬ್ಬರ ಹೇಳಿಕೆಯನ್ನೂ ಅಲ್ಲೇ ಬರೆದಿಡಬಹುದು. ಕೊನೆಗೆ ಸರ್ಟಿಫಿಕೇಟ್‌ಗೆ ಸಹಿ ಹಾಕುವವರು ಗೈಡ್ ತಾನೆ? ಸಹಿಗೆ ಮೊದಲು ಅವರು ತಾವೇ ಓದಿರಬೇಕು. ಮಕ್ಕಳನ್ನು ಪಿಎಚ್‌ಡಿಗೆ ಸೇರಿಸುವವರು ವಿವಿಯನ್ನು ಈ ಒಂದು ಮಾತು ಕೇಳಿಯೇ ಸೇರಿಸಿ.