ಓದುವ ಪೆನ್ನು ಮೌನವಾದಾಗ

ಉಮ್ರಾಕ್ಕೆ ಹೋಗಿ ಬಂದವರು ತರುವ ಖರ್ಜೂರ, ಝಮ್‌ಝಮ್ ನೀರಿನ ಜೊತೆಗೆ ಕುರ್‌ಆನ್ ಓದುವ ಪೆನ್ನೂ ಅನೇಕ ಮನೆಗಳನ್ನು ಸೇರಿದೆ. ಅದರೊಂದಿಗೆ ಬರುವ ಮುಸ್‌ಹಫ್‌ನ ಪುಟಗಳಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕಿಗಳಿರುತ್ತವೆ. ಪೆನ್ನಿನ ತುದಿ ಅವನ್ನು ಗುರುತಿಸಿ ಆ ಆಯತ್‌ನ ಪಾರಾಯಣವನ್ನು ಕೇಳಿಸುತ್ತದೆ. ದೃಷ್ಟಿ ಮಂಜಾದ ಅಜ್ಜಿಯಂದಿರಿಗೆ, ತಜ್‌ವೀದ್ ಕಲಿಯುವ ಮಕ್ಕಳಿಗೆ ಇದೊಂದು ಅನುಗ್ರಹವೇ ಸರಿ. ಆದರೆ ರಮಝಾನ್ ಮುಗಿದೊಡನೆ ಅದು ಕಪಾಟು ಸೇರುತ್ತದೆ. ಮುಂದಿನ ಶಅಬಾನ್‌ನಲ್ಲಿ ಹೊರತೆಗೆದರೆ ಸದ್ದೇ ಇಲ್ಲ!

ರಿಪೇರಿ ಅಂಗಡಿಗೆ ಒಯ್ಯುವ ಮುನ್ನ ಸೆಲ್ ಹಾಕುವ ಮುಚ್ಚಳ ತೆರೆದು ನೋಡಿ. ಸ್ಪ್ರಿಂಗಿನ ಮೇಲೆ ಬಿಳಿ ಪುಡಿಯೋ ಹಸಿರು ಕಿಲುಬೋ ಕಂಡರೆ ಸೆಲ್ ಸೋರಿದೆ ಎಂದೇ ಅರ್ಥ. ಸೆಲ್ಲಿನ ಮೇಲೆ 'ಆಲ್ಕಲೈನ್' ಎಂದಿದ್ದರೆ ಸೋರಿದ್ದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ. ಅದು ಚರ್ಮವನ್ನು, ಕಣ್ಣನ್ನು ಸುಡುತ್ತದೆ. ಬಾಯಲ್ಲಿ ಊದಿ ಪುಡಿ ಹಾರಿಸುವ ಅಭ್ಯಾಸ ಬೇಡವೇ ಬೇಡ. ಕೈಗವಸು ಹಾಕಿಕೊಂಡು ಸೆಲ್ಲುಗಳನ್ನು ತೆಗೆಯಿರಿ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ವಿನಿಗರ್ ಅಥವಾ ಲಿಂಬೆರಸದಲ್ಲಿ ಅದ್ದಿ, ಹಿಂಡಿ, ಕಿಲುಬಿನ ಮೇಲೆ ಒರೆಸಿ. ಸಣ್ಣಗೆ ನೊರೆ ಬಂದರೆ ಗಾಬರಿ ಬೇಡ. ಅಗ್ಗದ ಸಾಮಾನ್ಯ ಸೆಲ್ಲುಗಳ ರಸವಾದರೋ ಆಮ್ಲೀಯ. ಅದಕ್ಕೆ ಲಿಂಬೆ ಬೇಡ, ನೀರಿನಲ್ಲಿ ಕಲಸಿದ ಅಡುಗೆ ಸೋಡಾ ಸಾಕು. ಬಳಿಕ ಸ್ಪಿರಿಟ್‌ನಿಂದ ಒರೆಸಿ ಚೆನ್ನಾಗಿ ಒಣಗಿಸಿ. ಆಗಲೂ ಲೋಹ ಕಪ್ಪಾಗಿಯೇ ಇದ್ದರೆ ಮಕ್ಕಳ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ.

ಹಳೆಯ ಮತ್ತು ಹೊಸ ಸೆಲ್ಲುಗಳನ್ನು ಜೊತೆಗೆ ಹಾಕುವುದು ನಮ್ಮಲ್ಲಿ ಸಾಮಾನ್ಯ. ಇದು ಉಳಿತಾಯವಲ್ಲ, ಸೋರಿಕೆಗೆ ಆಹ್ವಾನ. ರೀಚಾರ್ಜ್ ಮಾಡುವ ನಿಕ್ಕಲ್ ಸೆಲ್ಲುಗಳು ನೂರಾರು ಸಲ ಬಳಕೆಗೆ ಬರುತ್ತವೆ. ಆದರೆ ಸಾಮಾನ್ಯ ಸೆಲ್ 1.5 ವೋಲ್ಟ್‌ನದಾದರೆ ಇವು 1.2 ವೋಲ್ಟ್‌ನವು. ಹಾಗಾಗಿ ಕೆಲವು ಉಪಕರಣಗಳು ಪೂರ್ತಿ ಚಾರ್ಜ್ ಆಗಿದ್ದರೂ 'ಬ್ಯಾಟರಿ ಕಡಿಮೆ' ಎಂದು ದೂರುತ್ತವೆ. ಸಾಮಾನ್ಯ ಸೆಲ್ಲನ್ನಂತೂ ಚಾರ್ಜರಿಗೆ ಹಾಕಲೇಬಾರದು.

ಪೆನ್ನಿನೊಳಗೇ ಲಿಥಿಯಂ ಬ್ಯಾಟರಿ ಇದ್ದರೆ ಕಥೆ ಬೇರೆ. ಪೂರ್ತಿ ಬರಿದಾಗಿಸಿ ತಿಂಗಳುಗಟ್ಟಲೆ ಇಟ್ಟರೆ ಅದು ಮತ್ತೆ ಚಾರ್ಜ್ ಹಿಡಿಯದೇ ಹೋಗಬಹುದು. ಅರ್ಧ ಚಾರ್ಜ್ ಮಾಡಿ ತಂಪಾದ ಜಾಗದಲ್ಲಿಡಿ, ಎರಡು ಮೂರು ತಿಂಗಳಿಗೊಮ್ಮೆ ನೆನಪಿಸಿಕೊಳ್ಳಿ. ಈದ್ ಕಳೆದ ಮೇಲೂ ವಾರಕ್ಕೊಂದು ದಿನ ತಿಲಾವತ್ ಕೇಳುವ ಮನೆಗೆ ಈ ತೊಂದರೆಯೇ ಇಲ್ಲ ಅನ್ನಿ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಚುಚ್ಚಬೇಡಿ, ಚಾರ್ಜಿಗೂ ಇಡಬೇಡಿ. ಕೆಟ್ಟ ಬ್ಯಾಟರಿಯನ್ನು ಕಸದ ಜೊತೆ ಸುಡದೆ ಇ-ತ್ಯಾಜ್ಯ ಸಂಗ್ರಹಿಸುವಲ್ಲಿಗೆ ಕೊಡಿ.

ಇನ್ನೊಂದು ಮಾತು ತಾಯಂದಿರಿಗೆ. ಬೆರಳಿಗೆ ಹಾಕುವ ಡಿಜಿಟಲ್ ತಸ್ಬೀಹ್ ಇದೆಯಲ್ಲ, ಅದರೊಳಗೆ ಇರುವುದು ಗುಂಡಿಯಂಥ ಪುಟ್ಟ ಸೆಲ್. ಅಳುವ ಮಗುವಿನ ಕೈಗೆ ಅದನ್ನು ಆಟಕ್ಕೆ ಕೊಡುವವರಿದ್ದಾರೆ. ಇಂಥ ಸೆಲ್ ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಅನ್ನನಾಳ ಸುಡಬಹುದು. ಮಗು ನುಂಗಿದ ಸಂಶಯ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ, ಮಲದಲ್ಲಿ ಬರಲಿ ಎಂದು ಕಾಯದೆ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಕೂಡಲೇ ಧಾವಿಸಿ.