ಬಾಯಲ್ಲಿರುವ ಇಂಗ್ಲಿಷ್, ಕಾಗದದ ಮೇಲಿನ ಇಂಗ್ಲಿಷ್

ಬಿ.ಇಡಿ. ಕೋರ್ಸಿನ ಸಮುದಾಯ ಕಾರ್ಯಕ್ಕೆ ನಾನು ಆರಿಸಿಕೊಂಡದ್ದು ನನ್ನ ಊರಾದ ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರವನ್ನೇ. ಮಾರಮ್ಮನ ಜಾತ್ರೆಯಿಂದಾಗಿ ಈ ಊರಿನ ಹೆಸರನ್ನು ಹಲವರು ಕೇಳಿರುತ್ತಾರೆ. ಊರಿನ ಮತ್ತು ಸುತ್ತಲಿನ ಹಳ್ಳಿಗಳ ಹನ್ನೊಂದು ಮಂದಿ ಯುವಕ ಯುವತಿಯರು ಸರಕು ಸಾಗಣೆ ಮತ್ತು ಗೋದಾಮು ನಿರ್ವಹಣೆಯ ಅಲ್ಪಾವಧಿ ಕೋರ್ಸೊಂದಕ್ಕೆ ಸೇರಿದ್ದರು. ಕೋರ್ಸಿನ ಪುಸ್ತಕವೆಲ್ಲ ಇಂಗ್ಲಿಷಿನಲ್ಲಿತ್ತು. ‘ಸಂಜೆ ಒಂದು ಗಂಟೆ ಇಂಗ್ಲಿಷ್ ಪದಗಳ ಅಭ್ಯಾಸ ಮಾಡಿಸಿ ಸರ್’ ಎಂದು ಅವರೇ ಬಂದು ಕೇಳಿದರು. ನನ್ನ ಬೋಧನಾ ವಿಷಯಗಳು ಭೌತಶಾಸ್ತ್ರ ಮತ್ತು ಗಣಿತ. ಇಂಗ್ಲಿಷ್ ಬೋಧನಾ ಪದ್ಧತಿಯನ್ನು ಓದಿದವನಲ್ಲ. ಆದರೂ ಒಪ್ಪಿಕೊಂಡೆ. ಆರು ವಾರಗಳ ಆ ಅನುಭವದಿಂದ ಹುಟ್ಟಿದ ಒಂದು ಅಭಿಪ್ರಾಯವನ್ನು ಗುರುಗಳ ಮತ್ತು ಸಹಪಾಠಿಗಳ ಮುಂದೆ ಇಡುತ್ತಿದ್ದೇನೆ.

ಅಭಿಪ್ರಾಯ ಇಷ್ಟೇ. ಸಾರಿಗೆ ಕೆಲಸಕ್ಕೆ ಹೋಗುವ ವಿದ್ಯಾರ್ಥಿಗಳ ಇಂಗ್ಲಿಷ್ ಪದಾಭ್ಯಾಸ ಅವರ ಬಾಯಲ್ಲಿ ಈಗಾಗಲೇ ಇರುವ ಪದಗಳಿಂದ ಶುರುವಾಗಬೇಕು, ಅವರು ಸಹಿ ಹಾಕಬೇಕಾದ ಕಾಗದದಲ್ಲಿ ಮುಗಿಯಬೇಕು. ನಮ್ಮ ಪಾಠಯೋಜನೆಯ ‘ಹೊಸ ಪದಗಳು – ಅರ್ಥ’ ಎಂಬ ಅಂಕಣ ಈ ಎರಡು ತುದಿಗಳನ್ನೂ ಮುಟ್ಟುವುದಿಲ್ಲ.

ಮೊದಲ ವಾರ ನಾನು ಮಾಡಿದ್ದೂ ಅದೇ ಅಂಕಣದ ಪಾಠ. ಕಪ್ಪುಹಲಗೆಯ ಮೇಲೆ ಹತ್ತು ಪದ ಬರೆದೆ: ಫ್ರೇಟ್, ಕಾರ್ಗೋ, ಇನ್ವೆಂಟರಿ, ಕನ್ಸೈನರ್, ಕನ್ಸೈನಿ ಹೀಗೆ. ಎದುರಿಗೆ ಸಾಗಣೆ ವೆಚ್ಚ, ಸರಕು, ದಾಸ್ತಾನು, ಸರಕು ಕಳಿಸುವವರು, ಪಡೆಯುವವರು ಎಂದು ಅರ್ಥ ಬರೆದೆ. ಎಲ್ಲರೂ ಅಂದವಾಗಿ ನಕಲು ಮಾಡಿಕೊಂಡರು. ಮರುದಿನದ ಕಿರುಪರೀಕ್ಷೆಯಲ್ಲಿ ಹತ್ತಕ್ಕೆ ಎಂಟು, ಒಂಬತ್ತು ಅಂಕ ಬಂದವು. ನನಗೆ ಖುಷಿಯೋ ಖುಷಿ. ಮೂರನೆಯ ದಿನ ಚಳ್ಳಕೆರೆಯಿಂದ ತಂದಿದ್ದ ಖಾಲಿ ಎಲ್‌ಆರ್ ಹಾಳೆ ಕೊಟ್ಟು, ‘ನಮ್ಮೂರ ರೈತರೊಬ್ಬರು ಬೆಂಗಳೂರಿನ ಮಂಡಿಗೆ ಈರುಳ್ಳಿ ಕಳಿಸುತ್ತಿದ್ದಾರೆ, ತುಂಬಿ’ ಎಂದೆ. ಹನ್ನೊಂದರಲ್ಲಿ ಏಳು ಜನ ಕನ್ಸೈನಿ ಎಂಬಲ್ಲಿ ರೈತರ ಹೆಸರು ಬರೆದರು. ಬಾಡಿಗೆಯ ಕಲಮಿನಲ್ಲಿ ‘ಪೇಯ್ಡ್’, ‘ಟು ಪೇ’ ಎಂದು ಎರಡು ಚೌಕಗಳಿದ್ದವು. ‘ಟು ಪೇ’ ಎಂದರೇನು ಎಂದು ಕೇಳಿದೆ. ‘ಪಾವತಿಸಲು’ ಎಂದು ಒಬ್ಬ ಥಟ್ಟನೆ ಹೇಳಿದ. ನಿಘಂಟಿನ ಪ್ರಕಾರ ಸರಿಯಾದ ಉತ್ತರ. ಆದರೆ ಆ ಚೌಕಕ್ಕೆ ಗುರುತು ಹಾಕಿದರೆ ಬಾಡಿಗೆಯನ್ನು ಸರಕು ಪಡೆಯುವವರು ಕೊಡಬೇಕು, ‘ಪೇಯ್ಡ್’ ಎಂದರೆ ಕಳಿಸಿದವರು ಆಗಲೇ ಕೊಟ್ಟಿದ್ದಾರೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಆ ಹಾಳೆ ತರುವವರೆಗೆ ನನಗೂ ಗೊತ್ತಿರಲಿಲ್ಲ. ಪದದ ಅರ್ಥ ಬಂತು, ಆ ಪದದಿಂದ ಹಣ ಯಾರ ಜೇಬಿನಿಂದ ಹೋಗುತ್ತದೆ ಎಂಬುದು ಬರಲಿಲ್ಲ.

ಆ ರಾತ್ರಿ ಲಾರಿ ಚಾಲಕರಾಗಿದ್ದ ನನ್ನ ಚಿಕ್ಕಪ್ಪನ ಹತ್ತಿರ ಇದನ್ನು ಹೇಳಿದೆ. ಅವರು ತಮ್ಮ ಹಳೆಯ ಕಥೆ ತೆಗೆದರು. ಒಮ್ಮೆ ದೂರದ ಗೋದಾಮೊಂದರಲ್ಲಿ ಮಾಲು ಇಳಿಸಿದ ಮೇಲೆ ಅಲ್ಲಿಯವರು ಕಾಗದದ ಮೇಲೆ ಎರಡು ಸಾಲು ಗೀಚಿ ಸಹಿ ಮಾಡಿಸಿಕೊಂಡರಂತೆ. ಊರಿಗೆ ಬಂದ ಮೇಲೆ ಮಾಲೀಕರು ಓದಿ ಹೇಳಿದರು: ಹನ್ನೆರಡು ಚೀಲ ಶಾರ್ಟೇಜ್. ಆ ದುಡ್ಡು ಚಿಕ್ಕಪ್ಪನ ಸಂಬಳದಲ್ಲಿ ಮುರಿಯಿತು. ಚೀಲ ನಿಜವಾಗಿ ಕಡಿಮೆ ಇದ್ದವೋ ಇಲ್ಲವೋ ಈಗ ಯಾರು ಹೇಳಬೇಕು? ‘ಶಾರ್ಟೇಜು ಅಂತ ದಿನಕ್ಕೆ ಹತ್ತು ಸಲ ಅಂತಿದ್ದೆ ಕಣಪ್ಪ. ಬರದಿದ್ದನ್ನ ನೋಡಿದ್ರೆ ಮಾತ್ರ ಗೊತ್ತಾಗ್ಲಿಲ್ಲ’ ಎಂದರು ಚಿಕ್ಕಪ್ಪ.

ನನ್ನ ಪಾಠ ದಾರಿ ಬದಲಿಸಿದ್ದು ಆ ಮಾತಿನಿಂದ. ಮರುದಿನ ಹಲಗೆಯ ಮೇಲೆ ಏನೂ ಬರೆಯಲಿಲ್ಲ. ‘ಲಾರಿಗೆ ಸಂಬಂಧಪಟ್ಟ, ನಿಮಗೆ ಗೊತ್ತಿರುವ ಇಂಗ್ಲಿಷ್ ಪದಗಳನ್ನೆಲ್ಲ ಹೇಳಿ’ ಎಂದೆ. ಲೋಡು, ಅನ್‌ಲೋಡು, ಟ್ರಿಪ್ಪು, ಪರ್ಮಿಟ್ಟು, ಎಫ್‌ಸಿ, ಇನ್ಶೂರೆನ್ಸು, ಟೇರು, ಗ್ರಾಸು, ಹಾಲ್ಟಿಂಗು, ಡ್ಯಾಮೇಜು, ಸೀಲು, ಡೀಸೆಲ್ಲು, ಸ್ಟೆಪ್ನಿ, ಕ್ಲೀನರ್ರು. ಮುಕ್ಕಾಲು ಗಂಟೆಯಲ್ಲಿ ತೊಂಬತ್ತಕ್ಕೂ ಹೆಚ್ಚು ಪದ ಸೇರಿದವು. ಎಣ್ಣೆ ಮಿಲ್ಲುಗಳ ಊರಾದ ಚಳ್ಳಕೆರೆ ಪಕ್ಕದಲ್ಲಿದೆ, ತಾಲ್ಲೂಕನ್ನು ಹಾದು ರಾಷ್ಟ್ರೀಯ ಹೆದ್ದಾರಿ 150ಎ ಹೋಗುತ್ತದೆ. ಶೇಂಗಾ, ಈರುಳ್ಳಿ ಲೋಡು ನೋಡುತ್ತಲೇ ಬೆಳೆದ ಮಕ್ಕಳು ಇವರು. ಇನ್ನೊಂದು ವಿಷಯವೂ ಗಮನಕ್ಕೆ ಬಂತು. ನಮ್ಮದು ಆಂಧ್ರದ ಗಡಿಗೆ ಹತ್ತಿರದ ಸೀಮೆ. ಹನ್ನೊಂದರಲ್ಲಿ ಐವರ ಮನೆಮಾತು ತೆಲುಗು. ಕನ್ನಡದ ‘ದಾಸ್ತಾನು’ ಅವರಲ್ಲಿ ಕೆಲವರಿಗೆ ‘ಇನ್ವೆಂಟರಿ’ಯಷ್ಟೇ ಹೊಸದು. ‘ಸ್ಟಾಕು’ ಮಾತ್ರ ಎಲ್ಲರಿಗೂ ಗೊತ್ತು. ಒಂದು ಕಠಿಣ ಪದಕ್ಕೆ ಇನ್ನೊಂದು ಕಠಿಣ ಪದವನ್ನು ಅರ್ಥವೆಂದು ಬರೆಸಿದ್ದೆ!

ಹೀಗೆ ಸೇರಿದ ಪದಗಳನ್ನು ನಾವು ಮೂರು ರಾಶಿ ಮಾಡಿದೆವು.

ಮೊದಲನೆಯದು, ಬಾಯಲ್ಲಿದೆ, ಕಣ್ಣಿಗೆ ಗುರುತಿಲ್ಲ. ಶಾರ್ಟೇಜ್, ಡ್ಯಾಮೇಜ್, ವೆಯ್ಟ್, ಸೀಲ್ ಬ್ರೋಕನ್ ಈ ರಾಶಿಯವು. ಇಲ್ಲಿ ಅರ್ಥ ಕಲಿಸುವ ಅಗತ್ಯವೇ ಇಲ್ಲ, ಅಕ್ಷರ ತೋರಿಸಬೇಕು. ‘ಫ್ರೇಟ್’ ಪದವನ್ನು ಎಲ್ಲರೂ ‘ಫ್ರೈಟ್’ ಎಂದು ಓದುತ್ತಿದ್ದರು, ಅಂದರೆ ಭಯ! ‘ಏಟ್’, ‘ವೆಯ್ಟ್’, ‘ಫ್ರೇಟ್’ ಮೂರನ್ನೂ ಒಂದರ ಕೆಳಗೊಂದು ಬರೆದು, ಇ, ಐ, ಜಿ, ಎಚ್ ಎಂಬ ನಾಲ್ಕು ಅಕ್ಷರಗಳ ಕೆಳಗೆ ಗೆರೆ ಎಳೆದಾಗ ಅವರೇ ನಿಯಮ ಕಂಡುಕೊಂಡರು. ‘ಹೈಟ್’ ಆ ನಿಯಮಕ್ಕೆ ಬಗ್ಗುವುದಿಲ್ಲ ಎಂಬುದನ್ನೂ ಅವರೇ ಹುಡುಕಿ ತಂದರು.

ಎರಡನೆಯದು, ನಮ್ಮಲ್ಲಿ ಒಂದು ಅರ್ಥ, ಹೊರಗೆ ಇನ್ನೊಂದು. ‘ಸ್ಟೆಪ್ನಿ’ ಒಳ್ಳೆಯ ಉದಾಹರಣೆ. ವೇಲ್ಸ್‌ನ ಲನೆಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಹುಟ್ಟಿದ ಹೆಚ್ಚುವರಿ ಚಕ್ರದ ವ್ಯಾಪಾರದ ಹೆಸರು ಅದು. ನಮ್ಮ ದೇಶದಲ್ಲಿ ಪದ ಗಟ್ಟಿಯಾಗಿ ಉಳಿದಿದೆ. ವಾಹನದ ಕೈಪಿಡಿಯಲ್ಲಿ ಇರುವುದು ‘ಸ್ಪೇರ್ ವೀಲ್’. ಹಾಗೆಯೇ ಗೋಡೌನ್ ಅಲ್ಲಿ ವೇರ್‌ಹೌಸ್. ಲಾರಿಯ ಕ್ಲೀನರ್ ಎಂದರೆ ಹೊರದೇಶದವರಿಗೆ ಬರೀ ಗುಡಿಸಿ ಒರೆಸುವವರು. ನಮ್ಮ ಪದ ತಪ್ಪು ಎಂದು ಹೇಳಲಿಲ್ಲ. ಎಲ್ಲಿ ಯಾವುದು ನಡೆಯುತ್ತದೆ ಎಂಬುದನ್ನು ಬರೆದುಕೊಂಡೆವು.

ಮೂರನೆಯದು, ನಿಜಕ್ಕೂ ಹೊಸದು. ಕನ್ಸೈನಿ, ಸೆಡ್ ಟು ಕಂಟೇನ್, ಓನರ್ಸ್ ರಿಸ್ಕ್ ಇಂಥವು. ಈ ರಾಶಿ ಸಣ್ಣದು, ಆದರೆ ತೂಕದ್ದು. ಇವನ್ನು ಕಾಗದದ ಮೇಲೆ, ಅವು ಇರುವ ಜಾಗದಲ್ಲೇ ಕಲಿತೆವು. ‘ಓನರ್ಸ್ ರಿಸ್ಕ್’ ಎಂದು ಅಚ್ಚಾಗಿದ್ದರೆ ಹಾನಿಯನ್ನು ಮಾಲಿನ ಒಡೆಯರ ತಲೆಗೆ ಕಟ್ಟುವ ಷರತ್ತು ಅದು. ‘ಸೆಡ್ ಟು ಕಂಟೇನ್’ ಎಂದರೆ ಒಳಗೆ ಇದು ಇದೆ ಎಂದು ಕಳಿಸಿದವರು ಹೇಳಿದ್ದಾರೆ, ಸಾಗಿಸುವವರು ಬಿಚ್ಚಿ ನೋಡಿಲ್ಲ. 1865ರ ಕಾಯ್ದೆಯ ಜಾಗಕ್ಕೆ ಬಂದ 2007ರ ರಸ್ತೆ ಸಾಗಣೆ ಕಾಯ್ದೆಯಲ್ಲಿ ಸರಕಿನ ರಸೀದಿಗೆ ಕಾನೂನಿನ ಬೆಲೆಯಿದೆ. ಅದರ ಮೇಲಿನ ಒಂದೊಂದು ಪದಕ್ಕೂ ಯಾರೋ ಒಬ್ಬರು ಹೊಣೆ.

ವಿಜ್ಞಾನದ ಪ್ರಶಿಕ್ಷಣಾರ್ಥಿಗೆ ಇಲ್ಲೇನು ಕೆಲಸ ಎಂದು ನನ್ನ ಸಹಪಾಠಿಗಳು ಕೇಳಿದ್ದುಂಟು. ವೇಬ್ರಿಡ್ಜಿನ ಚೀಟಿ ನೋಡಿ. ಗ್ರಾಸ್ 15,620 ಕೆ.ಜಿ., ಟೇರ್ 6,120 ಕೆ.ಜಿ., ನೆಟ್ ಎಷ್ಟು? 9,500. ಐವತ್ತು ಕೆ.ಜಿ.ಯ ಚೀಲವಾದರೆ 190. ಇಳಿಸುವಾಗ ನೆಟ್ 9,300 ಎಂದು ಬಂದರೆ ನಾಲ್ಕು ಚೀಲ ಶಾರ್ಟ್. ಮೂರು ಇಂಗ್ಲಿಷ್ ಪದ ಮತ್ತು ಒಂದು ಕಳೆಯುವ ಲೆಕ್ಕ ಸೇರಿದಾಗ ಎರಡೂ ನೆನಪಿನಲ್ಲಿ ಉಳಿದವು. ಇ–ವೇ ಬಿಲ್ಲೂ ಹಾಗೆಯೇ. ಸಾಮಾನ್ಯ ಸರಕಿನ ವಾಹನಕ್ಕೆ ಅದರ ಅವಧಿ 200 ಕಿ.ಮೀ.ಗೆ ಒಂದು ದಿನ. ‘ವ್ಯಾಲಿಡ್ ಅಪ್‌ಟು’ ಎಂಬಲ್ಲಿ ಯಾವ ತಾರೀಖು ಬರಬೇಕು, ಗೌರಸಮುದ್ರದಿಂದ ಬೆಂಗಳೂರಿಗೆ ಒಂದು ದಿನ ಸಾಕೇ, ಎರಡು ಬೇಕೇ ಎಂದು ಅವತ್ತು ತರಗತಿಯಲ್ಲಿ ಜಗಳವೇ ಆಯಿತು. ಅಂಥ ಜಗಳ ನನ್ನ ಹತ್ತು ಪದಗಳ ಪಾಠದಲ್ಲಿ ಒಂದು ದಿನವೂ ಆಗಿರಲಿಲ್ಲ.

ಸುರಕ್ಷತೆಯ ಮಾತೂ ಇದೆ. ‘ಇನ್‌ವ್ಯಾಲಿಡ್’, ‘ಇನ್‌ಕಂಪ್ಲೀಟ್’, ‘ಇನ್‌ಕರೆಕ್ಟ್’ ಎಂದು ಕಲಿಸಿ, ಮುಂದೆ ‘ಇನ್’ ಬಂದರೆ ‘ಅಲ್ಲ’ ಎಂದರ್ಥ ಎಂದು ನಿಯಮ ಮಾಡಿಸಿದ್ದೆ. ಮಾರನೆಯ ದಿನ ಹುಡುಗನೊಬ್ಬ, ‘ಹಾಗಾದ್ರೆ ಟ್ಯಾಂಕರ್ ಮೇಲೆ ಇನ್‌ಫ್ಲೇಮಬಲ್ ಅಂತ ಇರುತ್ತಲ್ಲ ಸರ್, ಅದಕ್ಕೆ ಬೆಂಕಿ ಹತ್ತಲ್ವಾ?’ ಎಂದ. ನನ್ನ ಎದೆ ಧಸಕ್ಕೆಂದಿತು. ‘ಫ್ಲೇಮಬಲ್’, ‘ಇನ್‌ಫ್ಲೇಮಬಲ್’ ಎರಡರ ಅರ್ಥವೂ ಬೆಂಕಿ ಹತ್ತುವುದು ಎಂದೇ. ನಿಯಮ ಕಲಿಸಿದವನು ಅಪವಾದ ಕಲಿಸದಿದ್ದರೆ ಎಷ್ಟು ದೊಡ್ಡ ಅಪಾಯ! ಅಪಾಯಕಾರಿ ಸರಕಿನ ವಾಹನ ಓಡಿಸುವವರಿಗೆ ಎಂಟನೆಯ ಪರಿಚ್ಛೇದದ ಒಂದು ಭಾರತೀಯ ಭಾಷೆಯ ಜೊತೆಗೆ ಇಂಗ್ಲಿಷ್ ಓದಲು, ಬರೆಯಲು ಬರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 9ನೇ ನಿಯಮ ಹೇಳುತ್ತದೆ. ಆ ಕೆಲಸಕ್ಕೆ ಇಂಗ್ಲಿಷ್ ಕಾನೂನಿನ ಅಗತ್ಯ.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಅವು ಹಗುರವಾದವಲ್ಲ.

‘ಲೋಡು, ಬಿಲ್ಲು ಎಂಬ ಉಚ್ಚಾರಣೆಯಿಂದ ಶುರು ಮಾಡಿದರೆ ತಪ್ಪು ಗಟ್ಟಿಯಾಗುತ್ತದೆ’ ಎಂದು ಹಿರಿಯರೊಬ್ಬರು ಹೇಳಿದರು. ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಉಕಾರ ಸೇರಿಸುವುದು ಕನ್ನಡದ ನಡೆ. ತರಗತಿಯಲ್ಲಿ ಅದನ್ನು ತಿದ್ದಿದ್ದೇನೆ. ಆದರೆ ತಿದ್ದಲು ಮೊದಲು ಪದ ಬಾಯಿಂದ ಹೊರಗೆ ಬರಬೇಕು. ಜೊತೆಗೆ, ಫೋನಿನಲ್ಲಿ ನಷ್ಟ ತರುವ ಉಚ್ಚಾರಣೆ ಯಾವುದು ಎಂದೂ ನೋಡಬೇಕು. ‘ಲೋಡು’ ಎಂದರೆ ಯಾರಿಗೂ ತೊಂದರೆಯಿಲ್ಲ. ಫಿಫ್ಟೀನ್ ಬ್ಯಾಗ್ಸ್ ಎಂದದ್ದು ಫಿಫ್ಟಿ ಎಂದು ಕೇಳಿಸಿದರೆ ಮೂವತ್ತೈದು ಚೀಲದ ವ್ಯತ್ಯಾಸ. ನಾವು ಒಂದು ವಾರವಿಡೀ ಅಂಕಿಗಳನ್ನೂ, ವಾಹನದ ನಂಬರಿನ ಬಿ, ಡಿ, ಪಿ ಅಕ್ಷರಗಳನ್ನೂ ಬೆನ್ನಿಗೆ ಬೆನ್ನು ಕೊಟ್ಟು ಕುಳಿತು, ಮುಖ ನೋಡದೆ ಹೇಳಿ ಬರೆದುಕೊಂಡೆವು.

ಎರಡನೆಯ ಆಕ್ಷೇಪ ನನ್ನನ್ನು ಹೆಚ್ಚು ಕಾಡಿದ್ದು. ಹಳ್ಳಿಯ ಮಕ್ಕಳಿಗೆ ಲಾರಿಯ ಇಂಗ್ಲಿಷ್, ಪೇಟೆಯ ಮಕ್ಕಳಿಗೆ ಕತೆ ಕವಿತೆಯ ಇಂಗ್ಲಿಷ್ ಎಂದು ನಾವೇ ಗೆರೆ ಎಳೆದಂತೆ ಆಗುವುದಿಲ್ಲವೇ? ಆಗಬಾರದು. ಶಾಲೆಯ ಪಠ್ಯವನ್ನು ತೆಗೆದು ಇದನ್ನು ಇಡಿ ಎಂದರೆ ನಾನೂ ವಿರೋಧಿಸುತ್ತೇನೆ. ಆದರೆ ಈ ಹನ್ನೊಂದು ಮಂದಿ ಹತ್ತು ವರ್ಷ ಇಂಗ್ಲಿಷ್ ಪಠ್ಯ ಓದಿ ಬಂದವರು. ಅವರಿಗೆ ಪಠ್ಯದ ಪದ್ಯವೂ ದಕ್ಕಿಲ್ಲ, ಚೀಟಿಯೂ ದಕ್ಕಿಲ್ಲ. ತಂಡದಲ್ಲಿದ್ದ ಇಬ್ಬರು ಹುಡುಗಿಯರಲ್ಲಿ ಒಬ್ಬಳ ಮನೆಯವರು ‘ಹೆಣ್ಮಕ್ಕಳಿಗೆ ಲಾರಿ ಲೈನು ಯಾಕೆ?’ ಎಂದಿದ್ದರು. ಅವಳಿಗೆ ಬೇಕಿರುವುದು ರವಾನೆ ಕಚೇರಿಯ ಕೆಲಸ, ಕಂಪ್ಯೂಟರು, ಫೋನು. ಮೊದಲು ಚೀಟಿ ಓದಿದವಳು ಐದನೆಯ ವಾರ ತಾನಾಗಿಯೇ, ‘ಚೀಲ ನೆಂದಿವೆ ಅಂತ ಮೇಲ್ ಬರೆಯೋದು ಹೇಗೆ ಸರ್?’ ಎಂದು ಕೇಳಿದಳು. ಪದದಿಂದ ವಾಕ್ಯಕ್ಕೆ ಹೋಗಲು ಅವಳಿಗೆ ಕಾರಣ ಸಿಕ್ಕಿತ್ತು.

ಇದೇನು ಯಶಸ್ಸಿನ ಕಥೆಯಲ್ಲ. ಒಬ್ಬ ನಡುವೆ ಬಿಟ್ಟುಹೋದ. ವಾಕ್ಯ ಬರೆಯುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇನ್ನೂ ತಡವರಿಸುತ್ತಾರೆ. ಕೊನೆಯ ದಿನ ಬೇಕೆಂದೇ ನಾಲ್ಕು ತಪ್ಪು ಹಾಕಿದ ಎಲ್‌ಆರ್ ಕೊಟ್ಟು, ‘ಇದಕ್ಕೆ ಸಹಿ ಹಾಕುತ್ತೀರಾ?’ ಎಂದೆ. ಉಳಿದ ಹತ್ತು ಮಂದಿಯಲ್ಲಿ ಎಂಟು ಜನ ಹಾಕಲಿಲ್ಲ. ಇಬ್ಬರು ಹಾಕಿದರು. ಆ ಇಬ್ಬರ ಹಾಳೆಗಳನ್ನು ಈಗಲೂ ಇಟ್ಟುಕೊಂಡಿದ್ದೇನೆ.

2025ರ ಹೊತ್ತಿಗೆ ಕನಿಷ್ಠ ಶೇ 50ರಷ್ಟು ವಿದ್ಯಾರ್ಥಿಗಳಿಗಾದರೂ ವೃತ್ತಿ ಶಿಕ್ಷಣದ ಪರಿಚಯವಾಗಬೇಕು, 6ರಿಂದ 8ನೇ ತರಗತಿಯ ಮಕ್ಕಳು ಹತ್ತು ದಿನ ಬ್ಯಾಗಿಲ್ಲದೆ ಸ್ಥಳೀಯ ಕಸುಬುದಾರರ ಬಳಿ ಕಲಿಯಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ನಾಳೆ ಆ ಮಕ್ಕಳ ಮುಂದೆ ನಿಲ್ಲುವವರು ನಾವೇ. ಅದಕ್ಕಾಗಿ ನಮ್ಮ ಕಾಲೇಜಿನಲ್ಲಿ ಮೂರು ಸಣ್ಣ ಬದಲಾವಣೆಗಳನ್ನು ಕೇಳುತ್ತೇನೆ. ಪಾಠಯೋಜನೆಯಲ್ಲಿ ‘ಹೊಸ ಪದಗಳು’ ಅಂಕಣಕ್ಕೆ ಮೊದಲು ‘ಮಕ್ಕಳಲ್ಲಿ ಈಗಾಗಲೇ ಇರುವ ಪದಗಳು’ ಎಂಬ ಅಂಕಣ ಇರಲಿ. ಹೆಸರು, ಸಂಖ್ಯೆ ಅಳಿಸಿದ ನಿಜವಾದ ಚೀಟಿ, ರಸೀದಿ, ಬಿಲ್ಲುಗಳನ್ನು ಬೋಧನೋಪಕರಣವೆಂದು ಒಪ್ಪಿ ಅಂಕ ಕೊಡಿ. ಮೌಲ್ಯಮಾಪನದಲ್ಲಿ ‘ಅರ್ಥ ಬರೆಯಿರಿ’ ಜೊತೆಗೆ ‘ತುಂಬಿರಿ, ತಪ್ಪು ಹುಡುಕಿರಿ’ ಎಂಬ ಒಂದು ಪ್ರಶ್ನೆಯಾದರೂ ಬರಲಿ.

ಮೊದಲನೆಯ ಅಂಕಣಕ್ಕೆ ಖರ್ಚೂ ಇಲ್ಲ, ಅನುಮತಿಯೂ ಬೇಕಿಲ್ಲ. ಮುಂದಿನ ತಂಡದ ಪಾಠಯೋಜನೆ ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಅದಕ್ಕೊಂದು ಗೆರೆ ಎಳೆದರೆ ಸಾಕು.