ಎಣ್ಣೆಯ ಭಯ, ಅನ್ನದ ಮರೆವು

ರಕ್ತದಲ್ಲಿ ಕೊಬ್ಬಿನಂಶ ಹೆಚ್ಚಾಗಿದೆಯೆಂದು ವೈದ್ಯರು ಹೇಳಿದೊಡನೆ ನಮ್ಮ ಮಧ್ಯಮವರ್ಗದ ಮನೆಗಳಿಂದ ಮೊದಲು ಗಡೀಪಾರಾಗುವುದು ತುಪ್ಪ. ಎರಡೆರಡು ಬಾರಿ ಬಡಿಸಿಕೊಳ್ಳುವ ಬಿಳಿ ಅನ್ನದ ಬಗೆಗಾಗಲಿ, ಕಾಫಿಯ ಸಕ್ಕರೆಯ ಬಗೆಗಾಗಲಿ ಯಾರೂ ಚಕಾರವೆತ್ತುವುದಿಲ್ಲ.

ದೇಹದ ಲೆಕ್ಕಾಚಾರವಾದರೋ ಬೇರೆ. ಅಗತ್ಯಕ್ಕಿಂತ ಹೆಚ್ಚಾಗಿ ಸೇವಿಸಿದ ಶರ್ಕರಪಿಷ್ಟದ ಒಂದಂಶವನ್ನು, ಅದರಲ್ಲೂ ಪಾಲಿಶ್ ಮಾಡಿದ ಅಕ್ಕಿ, ಮೈದಾ, ಸಕ್ಕರೆಗಳಿಂದ ಬಂದದ್ದನ್ನು, ಯಕೃತ್ತು ಕೊಬ್ಬಾಗಿ ಪರಿವರ್ತಿಸಿ ಟ್ರೈಗ್ಲಿಸರೈಡ್ ರೂಪದಲ್ಲಿ ರಕ್ತಕ್ಕೆ ಬಿಡುತ್ತದೆ. ಟ್ರೈಗ್ಲಿಸರೈಡ್ ಏರಿದಂತೆ ‘ಒಳ್ಳೆಯ ಕೊಲೆಸ್ಟರಾಲ್’ ಎನಿಸಿದ ಎಚ್‌ಡಿಎಲ್ ಇಳಿಯುತ್ತದೆ. ಎಲ್‌ಡಿಎಲ್ ಕಣಗಳು ಸಣ್ಣವಾಗಿ, ಸಾಂದ್ರವಾಗುತ್ತವೆ. ಒಟ್ಟು ಕೊಲೆಸ್ಟರಾಲ್ 200ರ ಒಳಗಿದ್ದು, ಟ್ರೈಗ್ಲಿಸರೈಡ್ ಮಾತ್ರ 150ನ್ನು ದಾಟಿ, ಎಚ್‌ಡಿಎಲ್ 40ನ್ನೂ ಮುಟ್ಟದಿರುವ ವರದಿಗಳು ಭಾರತೀಯರಲ್ಲಿ ಅಪರೂಪವೇನಲ್ಲ. ಹಾಗೆಂದು ತುಪ್ಪಕ್ಕೆ ಪರವಾನಗಿ ದೊರೆಯಿತೆಂದು ಯಾರೂ ಹಿಗ್ಗಬೇಕಿಲ್ಲ. ಪರ್ಯಾಪ್ತ ಕೊಬ್ಬು ಎಲ್‌ಡಿಎಲ್ ಏರಿಸುತ್ತದೆಂಬುದು ನಿರ್ವಿವಾದ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ‘ಇಂಡಿಯಾಬ್’ ಅಧ್ಯಯನದ ಆಹಾರ ಕುರಿತ ವರದಿ 2025ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ವಯಸ್ಕರ ಆಹಾರಶಕ್ತಿಯಲ್ಲಿ ಶೇ 62ರಷ್ಟು ಬರುವುದು ಶರ್ಕರಪಿಷ್ಟದಿಂದ; ಪ್ರೋಟೀನಿನ ಪಾಲು ತೀರ ಕಡಿಮೆ. ಅಕ್ಕಿಯ ಬದಲು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟನ್ನು ಬಳಸಿದಮಾತ್ರಕ್ಕೆ ಮಧುಮೇಹದ ಅಪಾಯ ತಗ್ಗುವುದು ಅದರಲ್ಲಿ ಕಂಡುಬಂದಿಲ್ಲ. ತಗ್ಗಿದ್ದು, ಶರ್ಕರಪಿಷ್ಟದ ಒಂದು ಪಾಲನ್ನು ಬೇಳೆಕಾಳು, ಹಾಲು, ಮೊಸರಿನಂಥವುಗಳ ಪ್ರೋಟೀನಿಗೆ ಬಿಟ್ಟುಕೊಟ್ಟಾಗ. ಮಧುಮೇಹವೂ ರಕ್ತದ ಕೊಬ್ಬಿನ ಏರುಪೇರೂ ಬಹುಮಟ್ಟಿಗೆ ಒಂದೇ ಬೇರಿನವು. ರಾಗಿಮುದ್ದೆಯನ್ನು ಸಂಜೀವಿನಿಯೆಂದು ಹೊಗಳುವವರು ಇದನ್ನು ಗಮನಿಸಬೇಕು. ರಾಗಿಯಲ್ಲಿ ನಾರೂ ಸುಣ್ಣದಂಶವೂ ಇವೆ, ನಿಜ. ಆದರೆ ಮುದ್ದೆಯ ಗಾತ್ರವೂ ಲೆಕ್ಕಕ್ಕೆ ಬರುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಮುಖ್ಯವೆನಿಸುವುದು ಬೆಲೆಯ ಪ್ರಶ್ನೆ. ಬೆಂಬಲ ಬೆಲೆ, ಖರೀದಿ, ಪಡಿತರ ಮೂರೂ ದಶಕಗಳಿಂದ ಅಕ್ಕಿ, ಗೋಧಿಗಳ ಬೆನ್ನಿಗೆ ನಿಂತಿವೆ. ಹಸಿವು ನೀಗಿಸಲು ಅದು ಅಗತ್ಯವಾಗಿತ್ತು. 2013ರ ಅನ್ನಭಾಗ್ಯವನ್ನು ಸೋಮಾರಿತನದ ಯೋಜನೆಯೆಂದು ಜರೆದವರ ಜತೆ ನಾನು ಎಂದೂ ದನಿಗೂಡಿಸಿಲ್ಲ. ಆದರೆ ಅಕ್ಕಿ ಉಚಿತವಾಗಿ, ತೊಗರಿಬೇಳೆ ದುಬಾರಿಯಾಗಿ ಉಳಿದರೆ ಕೂಲಿಕಾರನ ತಟ್ಟೆಯಲ್ಲಿ ಅನ್ನದ ಗುಡ್ಡೆ ಬೆಳೆಯುವುದೂ ಸಾರು ತೆಳ್ಳಗಾಗುವುದೂ ಸಹಜ. ನಮ್ಮಂಥವರು ಪಥ್ಯವನ್ನು ಆರಿಸಿಕೊಳ್ಳಬಲ್ಲೆವು, ಅವನಿಗೆ ಆ ಆಯ್ಕೆಯಿಲ್ಲ.

2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟವು ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಬೇಳೆ, ಅಡುಗೆ ಎಣ್ಣೆ, ಸಕ್ಕರೆ, ಉಪ್ಪು ಒಳಗೊಂಡ ಇಂದಿರಾ ಆಹಾರ ಕಿಟ್ ನೀಡಲು ತೀರ್ಮಾನಿಸಿತು. ಅಕ್ಕಿಯ ಕಾಳಸಂತೆಯನ್ನು ತಡೆಯುವ ಉದ್ದೇಶ ಅದರ ಹಿಂದಿದ್ದರೂ ಪೌಷ್ಟಿಕತೆಯ ದೃಷ್ಟಿಯಿಂದ ಅದು ಸರಿಯಾದ ದಿಕ್ಕಿನ ಹೆಜ್ಜೆ. ಸಕ್ಕರೆ ಮಾತ್ರ ಆ ಪಟ್ಟಿಗೆ ಸಲ್ಲದು. ಅದಕ್ಕೆ ಮೀಸಲಾದ ಹಣದಲ್ಲಿ ಹೆಸರುಕಾಳನ್ನೋ ಕಡಲೆಯನ್ನೋ ಕೊಡಬಹುದು. ಕಲಬುರಗಿ, ಬೀದರ್ ಜಿಲ್ಲೆಗಳ ತೊಗರಿ ಬೆಳೆಗಾರರಿಂದ ಸರ್ಕಾರವೇ ನೇರವಾಗಿ ಖರೀದಿಸಿ ಬೇಳೆಯ ಪ್ರಮಾಣವನ್ನೂ ಹೆಚ್ಚಿಸಬಹುದು.